ಕಳಿಸದೆ ಉಳಿದ ವರದಿ

ಇಂದಿನ ಚಿಂತನೆಯ ಸರದಿ ನನ್ನದು. ದಿನಕ್ಕಿಂತ ಇವತ್ತು ಸ್ವಲ್ಪ ಉದ್ದವಾಗಿದೆ. ನಂಜನಗೂಡಿನ ಬಸ್ಸಿನಲ್ಲಿ ಅರ್ಧ ಓದಿ, ರಾತ್ರಿ ಊಟವಾದ ಮೇಲೆ ಉಳಿದರ್ಧ ಓದಿದರೂ ಆದೀತು.

ಕಳೆದ ವಾರ ಒಂಬತ್ತನೇ ತರಗತಿಯಲ್ಲಿ ಪಾಠದ ನಡುವೆ ದಕ್ಷಿಣ ಆಫ್ರಿಕಾದ ಮಾತು ಬಂತು. ಗಾಂಧೀಜಿಯವರನ್ನು ರೈಲಿನಿಂದ ಇಳಿಸಿದ್ದು, ಬಿಳಿಯರಿಗೇ ಬೇರೆ ಬೆಂಚು, ಬೇರೆ ಬಡಾವಣೆ ಇದ್ದದ್ದು, ಮಂಡೇಲಾ 27 ವರ್ಷ ಸೆರೆಯಲ್ಲಿದ್ದದ್ದು, ಕೊನೆಗೆ ಅನೇಕ ದೇಶಗಳು ಆ ಸರ್ಕಾರದ ಜೊತೆ ವ್ಯಾಪಾರ ನಿಲ್ಲಿಸಿ, ಆಟ ನಿಲ್ಲಿಸಿ ಒತ್ತಡ ಹಾಕಿದ್ದು, ಎಲ್ಲ ಹೇಳಿದೆ. ಕಥೆ ಹೇಳುವಾಗ ಮೇಷ್ಟ್ರಿಗೆ ಇರುವ ಹುಮ್ಮಸ್ಸು ನಿಮಗೆ ಗೊತ್ತೇ ಇದೆ. ಅಷ್ಟರಲ್ಲಿ ಮೂರನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಅವರ ದೂರು ಇಡೀ ಪ್ರಪಂಚಕ್ಕೆ ಹೋಯಿತಲ್ಲ ಸಾರ್, ನಮ್ಮದನ್ನು ಯಾರಾದರೂ ತಗೊಂಡು ಹೋಗಿದ್ದರಾ ಅಂತ ಕೇಳಿದಳು.

ನಮ್ಮದು ಅಂದರೆ ಯಾವುದು ಎಂದು ಅವಳು ಬಿಡಿಸಿ ಹೇಳಲಿಲ್ಲ. ತರಗತಿಯಲ್ಲಿ ಬಿಡಿಸಿ ಹೇಳಬೇಕಾದವರೂ ಯಾರೂ ಇರಲಿಲ್ಲ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವಿನ ಹಳ್ಳಿಗಳಿಂದ ಬರುವ ಮಕ್ಕಳು ಅವು. ಯಾರ ಬೀದಿ ಎಲ್ಲಿ ಮುಗಿಯುತ್ತದೆ, ಯಾರದು ಎಲ್ಲಿ ಶುರುವಾಗುತ್ತದೆ ಎಂಬುದು ಮಗ್ಗಿಗಿಂತ ಮುಂಚೆ ಅವಕ್ಕೆ ಗೊತ್ತಿರುತ್ತದೆ. ನಾನು ಸಣ್ಣವನಾಗಿದ್ದಾಗ ನಮ್ಮೂರ ಹೋಟೆಲಿನಲ್ಲಿ ನಮ್ಮ ಕೇರಿಯವರ ಲೋಟ ಸೂರಿಗೆ ಸಿಕ್ಕಿಸಿರುತ್ತಿತ್ತು. ಅಪ್ಪ ಅದನ್ನು ತೆಗೆದು, ತೊಳೆದು, ಹಿಡಿದು ನಿಂತರೆ ಮೇಲಿಂದ ಚಹಾ ಹುಯ್ಯುತ್ತಿದ್ದರು. ಕುಡಿದಾದ ಮೇಲೆ ಮತ್ತೆ ಅವರೇ ತೊಳೆದು ಸಿಕ್ಕಿಸಬೇಕು. ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ಹಗೆಗೆ ಮೂವರು ದಲಿತರ ಕೊಲೆಯಾದ 1993ರಲ್ಲಿ ನಾನಿನ್ನೂ ಹುಡುಗ. ಮನೆಯ ದೊಡ್ಡವರು ಆ ವಾರವೆಲ್ಲ ದನಿ ತಗ್ಗಿಸಿ ಮಾತಾಡಿದ್ದು ಮಾತ್ರ ಈಗಲೂ ಕಿವಿಯಲ್ಲಿದೆ.

ಹುಡುಗಿಗೆ ಆ ಹೊತ್ತು ಸರಿಯಾದ ಉತ್ತರ ಕೊಡಲಾಗಲಿಲ್ಲ. ಸೋಮವಾರ ಹೇಳುತ್ತೇನೆ ಕೂತ್ಕೋ ಅಂದೆ. ಮನೆಗೆ ಬಂದು ಬಾಬಾಸಾಹೇಬರ ಸಂಪುಟಗಳನ್ನು ಮತ್ತೆ ತೆರೆದೆ. ಅವಳಿಗೆಂದು ಹುಡುಕಿದ್ದನ್ನು ಇವತ್ತು ನಿಮ್ಮ ಮುಂದೆಯೂ ಇಡುತ್ತಿದ್ದೇನೆ. ಬಾಬಾಸಾಹೇಬರ ಬದುಕನ್ನು ನಾವು ಏಪ್ರಿಲ್ 14ಕ್ಕೊಮ್ಮೆ, ಡಿಸೆಂಬರ್ 6ಕ್ಕೊಮ್ಮೆ ಹೇಳಿಕೊಳ್ಳುತ್ತೇವೆ. ಇವತ್ತು ಅದೇ ಬದುಕನ್ನು ಒಂದೇ ಎಳೆ ಹಿಡಿದು ನೋಡೋಣ. ತನ್ನ ಜನರ ನೋವನ್ನು ಅವರು ಯಾವ ಯಾವ ಸಭೆಯ ಮುಂದೆ ಇಟ್ಟರು, ಯಾವಾಗ ಇಟ್ಟರು, ಯಾವಾಗ ಇಡದೆ ತಡೆದರು?

ಭೀಮರಾವ್ ಹುಟ್ಟಿದ್ದು 1891ರಲ್ಲಿ, ಮಹೂ ದಂಡುಪ್ರದೇಶದಲ್ಲಿ. ಶಾಲೆಯಲ್ಲಿ ಕೂರಲು ಗೋಣಿತಟ್ಟನ್ನು ಮನೆಯಿಂದ ಒಯ್ಯಬೇಕಿತ್ತು. ಜವಾನ ಬಂದು ಮೇಲಿಂದ ನೀರು ಹುಯ್ದರೆ ಕುಡಿಯಬೇಕು, ಜವಾನ ಬರದ ದಿನ ನೀರಿಲ್ಲ. ಅದೇ ಹುಡುಗ 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ಎಲ್ಲರ ಜೊತೆ ಒಂದೇ ಮೇಜಿನಲ್ಲಿ ಉಂಡ. ಆದರೆ ಆ ವಿಶ್ವವಿದ್ಯಾಲಯದ ಪಕ್ಕದಲ್ಲೇ ಹಾರ್ಲೆಂ ಇದೆ. ಅಮೆರಿಕದ ಕಪ್ಪು ಜನ ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆ ಕಂಡುಕೊಳ್ಳುತ್ತಿದ್ದ ಬಡಾವಣೆ ಅದು. ತನಗೆ ಸಿಕ್ಕ ಸಮಾನತೆ ಆ ನೆಲದಲ್ಲೇ ಹುಟ್ಟಿದವರಿಗೆ ಸಿಗದಿರುವುದು ಆ ವಿದ್ಯಾರ್ಥಿಯ ಗಮನಕ್ಕೆ ಬಾರದೆ ಹೋಗಿರಲಾರದು. ಮುಂದೆ ಬಾಬಾಸಾಹೇಬರು ಗುಲಾಮಗಿರಿಯನ್ನೂ ಅಸ್ಪೃಶ್ಯತೆಯನ್ನೂ ಅಕ್ಕಪಕ್ಕ ಇಟ್ಟು ಮತ್ತೆ ಮತ್ತೆ ಬರೆದರು.

ಓದು ಮುಗಿಸಿ ಬರೋಡಾಕ್ಕೆ ಬಂದರೆ ಇರಲು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಅವರನ್ನು ಹೊರಗೆ ಹಾಕಿದರು. ಪ್ರಪಂಚದ ಯಾವ ಊರಲ್ಲಾದರೂ ನೆಲೆ ಸಿಕ್ಕೀತು, ಸ್ವಂತ ದೇಶದಲ್ಲಿ ಸಿಗದು ಎಂಬ ಅನುಭವ ಅದು. ಅಳುತ್ತಾ ಮರದ ಕೆಳಗೆ ಕೂತದ್ದನ್ನು ನಾವೆಲ್ಲ ಕೇಳಿದ್ದೇವೆ. ಎದ್ದ ಮೇಲೆ ಅವರು ಹಿಡಿದ ದಾರಿ, ಆದದ್ದನ್ನು ಬರೆದು, ಕೇಳಬೇಕಾದವರ ಮುಂದೆ ಇಡುವ ದಾರಿ. 1919ರಲ್ಲಿ ಮತಾಧಿಕಾರದ ವಿಚಾರಣೆಗೆ ಸೌತ್‌ಬರೋ ಸಮಿತಿ ಬಂದಾಗ ಅದರ ಮುಂದೆ ಲಿಖಿತ ಹೇಳಿಕೆ ಇಟ್ಟರು. 1920ರಲ್ಲಿ ಮೂಕನಾಯಕ ಪತ್ರಿಕೆ ತಂದರು. 1925ರಲ್ಲಿ ಈಗ ನಮ್ಮ ಕರ್ನಾಟಕಕ್ಕೆ ಸೇರಿರುವ ನಿಪ್ಪಾಣಿಯಲ್ಲಿ ಬಹಿಷ್ಕೃತರ ಪರಿಷತ್ತು ನಡೆಸಿದರು. 1927ರಲ್ಲಿ ಮಹಾಡ್ ಕೆರೆಯ ನೀರು ಮುಟ್ಟಿದರು. 1928ರಲ್ಲಿ ಸೈಮನ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದರು. 1929ರಲ್ಲಿ ಧಾರವಾಡದಲ್ಲಿ ನಮ್ಮ ಮಕ್ಕಳಿಗೆ ವಿದ್ಯಾರ್ಥಿನಿಲಯ ತೆರೆಸಿದರು. ಒಂದು ಕಡೆ ಕೆರೆ, ಶಾಲೆ, ಹಾಸ್ಟೆಲ್ಲು. ಇನ್ನೊಂದು ಕಡೆ ಅರ್ಜಿ, ಸಾಕ್ಷ್ಯ, ದಾಖಲೆ. ಎರಡೂ ಕೈ ಒಟ್ಟಿಗೇ ದುಡಿದವು.

1930ರ ನವೆಂಬರ್‌ನಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತು ಸೇರಿತು. ತಮಿಳುನಾಡಿನ ರೆಟ್ಟಮಲೈ ಶ್ರೀನಿವಾಸನ್ ಅವರೂ ಬಾಬಾಸಾಹೇಬರೂ ಶೋಷಿತ ವರ್ಗಗಳ ಪ್ರತಿನಿಧಿಗಳಾಗಿ ಹೋದರು. ಸಾವಿರಾರು ವರ್ಷ ಊರ ಸಭೆಯಲ್ಲೂ ಬಾಯಿ ತೆರೆಯದಂತೆ ಇಟ್ಟಿದ್ದ ಜನ ಸಾಮ್ರಾಜ್ಯದ ರಾಜಧಾನಿಯಲ್ಲಿ ತಮ್ಮ ಬಾಯಿಂದಲೇ ತಮ್ಮ ಮಾತು ಆಡಿದರು. ಬಾಬಾಸಾಹೇಬರು ಅಲ್ಲಿ ಏನು ಹೇಳಿದರು ಎಂಬುದನ್ನು ಮರೆಯಬಾರದು. ಅವರನ್ನು ಬ್ರಿಟಿಷರ ಪಕ್ಷದವರು ಎಂದು ಇವತ್ತಿಗೂ ಫಾರ್ವರ್ಡ್ ಮಾಡುವವರಿದ್ದಾರೆ. ಆ ಸಭೆಯಲ್ಲಿ ಅವರು ಬ್ರಿಟಿಷರ ಎದುರಿಗೇ ಲೆಕ್ಕ ಕೇಳಿದರು. ನೀವು ಬರುವ ಮೊದಲು ನಾವು ಬಾವಿಯ ನೀರು ಸೇದುವಂತಿರಲಿಲ್ಲ, ಈಗಲೂ ಇಲ್ಲ. ಗುಡಿಗೆ ಹೋಗುವಂತಿರಲಿಲ್ಲ, ಈಗಲೂ ಇಲ್ಲ. ಹಾಗಾದರೆ ನಿಮ್ಮ ಆಳ್ವಿಕೆಯಿಂದ ನಮಗಾದದ್ದೇನು ಎಂಬುದು ಅವರ ಮಾತಿನ ತಿರುಳು. ಪರಕೀಯರ ಆಳ್ವಿಕೆ ಹೋಗಿ ಜನರ ಸರ್ಕಾರ ಬರಬೇಕು, ಆದರೆ ಆ ಸರ್ಕಾರದಲ್ಲಿ ನಮ್ಮ ಪಾಲು ಬರವಣಿಗೆಯಲ್ಲಿ ಇರಬೇಕು ಎಂದರು. ಪಾಲು 1932ರ ಆಗಸ್ಟಿನಲ್ಲಿ ಪ್ರತ್ಯೇಕ ಮತಕ್ಷೇತ್ರದ ರೂಪದಲ್ಲಿ ಬಂತು. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದದಲ್ಲಿ ಅದನ್ನು ಬಿಟ್ಟುಕೊಡಬೇಕಾಯಿತು. ಹೊರಗಿನ ಸಭೆಯಲ್ಲಿ ಗೆದ್ದದ್ದು ಒಳಗಿನ ಒತ್ತಡದಲ್ಲಿ ಕೈಬಿಟ್ಟು ಹೋದೀತು ಎಂಬ ಪಾಠವನ್ನು ಅವರು ಆಗಲೇ ಕಲಿತರು.

ಈಗ 1946ಕ್ಕೆ ಬರೋಣ. ಹುಡುಗಿಯ ಪ್ರಶ್ನೆಗೆ ಉತ್ತರ ಇರುವುದು ಈ ವರ್ಷದಲ್ಲಿ.

ಎರಡನೇ ಮಹಾಯುದ್ಧ ಮುಗಿದು ವಿಶ್ವಸಂಸ್ಥೆ ಆಗಷ್ಟೇ ಹುಟ್ಟಿತ್ತು. ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿದ್ದರು. ಅಧಿಕಾರ ಯಾರ ಕೈಗೆ ಹೋಗಬೇಕು ಎಂದು ತೀರ್ಮಾನಿಸಲು ಬಂದ ಕ್ಯಾಬಿನೆಟ್ ನಿಯೋಗ ಪರಿಶಿಷ್ಟ ಜಾತಿಗಳನ್ನು ಪ್ರತ್ಯೇಕ ಪಕ್ಷವೆಂದು ಗಣಿಸಲೇ ಇಲ್ಲ. ಚುನಾವಣೆಯಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟ ಸೋತಿತ್ತು. ನಾಲ್ಕು ವರ್ಷ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನಡೆಸಿದ್ದ ಬಾಬಾಸಾಹೇಬರ ಕೈಯಲ್ಲಿ ಆಗ ಯಾವ ಅಧಿಕಾರವೂ ಉಳಿಯಲಿಲ್ಲ. ಅವರ ಬದುಕಿನ ಅತ್ಯಂತ ಒಂಟಿ ದಿನಗಳು ಅವು.

ಅದೇ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ಒಂದು ಸಂಗತಿ ನಡೆಯಿತು. ಅಲ್ಲಿನ ಕಪ್ಪು ಜನರ ಸಂಘಟನೆಯೊಂದು 1 ಕೋಟಿ 30 ಲಕ್ಷ ಜನರ ಪರವಾಗಿ ವಿಶ್ವಸಂಸ್ಥೆಗೆ ಅರ್ಜಿ ಸಲ್ಲಿಸಿತು. ನಮ್ಮ ಸರ್ಕಾರ ನಮ್ಮನ್ನು ಮನುಷ್ಯರಂತೆ ಕಾಣುತ್ತಿಲ್ಲ, ಜಗತ್ತು ವಿಚಾರಿಸಬೇಕು ಎಂಬುದು ಅದರ ಸಾರ. ಅರ್ಜಿ ಹೋದದ್ದು ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಗೆ. ಆ ಮಂಡಳಿಯ ಮೊದಲ ಅಧ್ಯಕ್ಷರು ಯಾರು ಗೊತ್ತೆ? ಸರ್ ಎ. ರಾಮಸ್ವಾಮಿ ಮೊದಲಿಯಾರ್. ಅದೇ ವರ್ಷ ನಮ್ಮ ಮೈಸೂರಿನ ದಿವಾನರಾಗಿ ಬಂದವರು, ವೈಸರಾಯರ ಮಂಡಳಿಯಲ್ಲಿ ಬಾಬಾಸಾಹೇಬರ ಜೊತೆ ಕೂತಿದ್ದವರು. ನಂಜನಗೂಡು, ನರಸೀಪುರವನ್ನು ಆಳುತ್ತಿದ್ದ ಸಂಸ್ಥಾನದ ದಿವಾನರು ಜಗತ್ತಿನ ದೀನರ ಅರ್ಜಿ ಬರುವ ಮಂಡಳಿಯ ಪೀಠದಲ್ಲೂ ಇದ್ದರು. ನಮ್ಮ ಹಳ್ಳಿಯ ಸೂರಿನ ಲೋಟದಿಂದ ಆ ಪೀಠಕ್ಕೆ ದೂರ ಎಷ್ಟು ಕಡಿಮೆ, ಎಷ್ಟು ಹೆಚ್ಚು ಎಂದು ಯೋಚಿಸಿದೆ.

ಆ ಅರ್ಜಿಯ ಸುದ್ದಿ ಓದಿದ ಬಾಬಾಸಾಹೇಬರು ಅಮೆರಿಕದ ಕಪ್ಪು ಜನರ ದೊಡ್ಡ ಚಿಂತಕ ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದರು. ಇಬ್ಬರೂ ಮುಖಾಮುಖಿ ಭೇಟಿಯಾದವರಲ್ಲ. ತಾನು ನಿಮ್ಮ ಜನರ ಪ್ರಶ್ನೆಯನ್ನು ಓದಿಕೊಂಡು ಬಂದವನು, ನಿಮ್ಮ ಬರಹಗಳನ್ನೂ ಓದಿದವನು ಎಂದು ಪರಿಚಯ ಹೇಳಿಕೊಂಡರು. ಭಾರತದ ಅಸ್ಪೃಶ್ಯರ ಸ್ಥಿತಿಗೂ ಅಲ್ಲಿನ ಕಪ್ಪು ಜನರ ಸ್ಥಿತಿಗೂ ಹೋಲಿಕೆ ಇದೆ, ನಾವೂ ಅಂಥದೇ ಅರ್ಜಿ ಸಲ್ಲಿಸುವ ಯೋಚನೆಯಲ್ಲಿದ್ದೇವೆ, ನಿಮ್ಮ ಅರ್ಜಿಯ ಎರಡು ಮೂರು ಪ್ರತಿ ಕಳಿಸಿಕೊಡಿ ಎಂದು ಕೇಳಿದರು. ಜುಲೈ 31ರಂದು ಡು ಬಾಯ್ಸ್ ಉತ್ತರ ಬರೆದರು. ನಿಮ್ಮ ಹೆಸರನ್ನು ಬಲ್ಲೆ, ನಿಮ್ಮ ಜನರ ಬಗ್ಗೆ ನನಗೆ ಪೂರ್ಣ ಸಹಾನುಭೂತಿ ಇದೆ, ಕೈಲಾದ ನೆರವು ಕೊಡುತ್ತೇನೆ ಎಂಬ ಅರ್ಥದ ಉತ್ತರ. ಮಾರನೇ ವರ್ಷ ಡು ಬಾಯ್ಸ್ ಅವರ ನೇತೃತ್ವದಲ್ಲಿ ಇನ್ನೂ ದೊಡ್ಡ ಅರ್ಜಿಯೊಂದು ವಿಶ್ವಸಂಸ್ಥೆಗೆ ಹೋಯಿತು. ಅಮೆರಿಕ ಸರ್ಕಾರಕ್ಕೆ ಅದು ಮುಜುಗರ ತಂದಿತೇ ಹೊರತು ವಿಶ್ವಸಂಸ್ಥೆ ಅದನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ಅದೇ 1946ರ ಇನ್ನೊಂದು ಸಂಗತಿ ಕೇಳಿ. ದಕ್ಷಿಣ ಆಫ್ರಿಕಾದ ಸರ್ಕಾರ ಅಲ್ಲಿದ್ದ ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂದು ಗೆರೆ ಹಾಕುವ ಕಾನೂನು ತಂದಿತು. ಇಂಥವರು ಇಂಥ ಬೀದಿಯಲ್ಲೇ ಇರಬೇಕು ಎಂಬ ಕಾನೂನು. ನಮಗೆ ಹೊಸದಲ್ಲ. ಭಾರತ ಸರ್ಕಾರ ಜೂನ್‌ನಲ್ಲಿ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಜುಲೈನಲ್ಲಿ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರವನ್ನೇ ನಿಲ್ಲಿಸಿತು. ವಿಜಯಲಕ್ಷ್ಮಿ ಪಂಡಿತರು ಭಾರತದ ನಿಯೋಗದ ಮುಖಂಡರಾಗಿ ಹೋಗಿ ವಾದಿಸಿದರು. ಎದುರಿಗಿದ್ದವರು ದಕ್ಷಿಣ ಆಫ್ರಿಕಾದ ಪ್ರಧಾನಿ ಸ್ಮಟ್ಸ್. ಇದು ನಮ್ಮ ಮನೆಯೊಳಗಿನ ವಿಷಯ, ಹೊರಗಿನವರು ಕೇಳುವಂತಿಲ್ಲ ಎಂಬುದೇ ಅವರ ಮುಖ್ಯ ವಾದ. ಡಿಸೆಂಬರ್ 8ರಂದು ಮಹಾಸಭೆ ಭಾರತದ ಪರ ನಿರ್ಣಯ ಮಾಡಿತು. ಪರ 32 ಮತ, ವಿರುದ್ಧ 15, ತಟಸ್ಥರು 7. ಇನ್ನೂ ಸ್ವತಂತ್ರವೇ ಆಗದ ದೇಶಕ್ಕೆ ಸಿಕ್ಕ ದೊಡ್ಡ ಗೆಲುವು ಅದು. ವರ್ಣಭೇದದ ವಿರುದ್ಧ ಮುಂದಿನ ಐದು ದಶಕ ಜಗತ್ತು ಹಾಕಿದ ಒತ್ತಡಕ್ಕೆ ಅದೇ ಮೊದಲ ಮೆಟ್ಟಿಲು. ಅಲ್ಲಿ ನರಳುತ್ತಿದ್ದ ಭಾರತೀಯರ ನೋವು ನಿಜವಾದದ್ದು, ಭಾರತ ಮಾಡಿದ್ದು ಸರಿಯಾದದ್ದು. ಇದನ್ನು ನಾವು ಯಾವ ಸಂಕೋಚವೂ ಇಲ್ಲದೆ ಹೇಳಬೇಕು.

ಆದರೆ ಅದೇ ಚಳಿಗಾಲದಲ್ಲಿ ಬಾಬಾಸಾಹೇಬರು ಎಲ್ಲಿದ್ದರು? ಅಕ್ಟೋಬರ್‌ನಲ್ಲಿ ಲಂಡನ್ನಿಗೆ ಹೋಗಿ, ಆಳುವ ಪಕ್ಷದವರನ್ನೂ ವಿರೋಧ ಪಕ್ಷದವರನ್ನೂ ಕಂಡು, ಅಧಿಕಾರ ಬಿಟ್ಟುಹೋಗುವ ಮುನ್ನ ನಮ್ಮ ಜನರ ರಕ್ಷಣೆಗೆ ಒಂದು ಮಾತು ಬರೆದಿಟ್ಟು ಹೋಗಿ ಎಂದು ಕೇಳಿ, ಬರಿಗೈಯಲ್ಲಿ ವಾಪಸ್ಸು ಬಂದಿದ್ದರು. ಅಲ್ಲಿ ದಕ್ಷಿಣ ಆಫ್ರಿಕಾದ ಕೇರಿಯ ವಿಷಯ ಮಹಾಸಭೆಯಲ್ಲಿ. ಇಲ್ಲಿ ಭಾರತದ ಕೇರಿಯ ವಿಷಯ ಕೇಳಲು ಒಬ್ಬರೂ ಇಲ್ಲ.

ಅವರು ಸುಮ್ಮನೆ ಕೂರಲಿಲ್ಲ. ಪರಿಶಿಷ್ಟ ಜಾತಿಗಳ ಸ್ಥಿತಿಯ ಬಗ್ಗೆ ವಿಶ್ವಸಂಸ್ಥೆಗೆ ಸಲ್ಲಿಸಲೆಂದೇ ಒಂದು ವರದಿ ಸಿದ್ಧಮಾಡಿದರು. ವರದಿ ಸಿದ್ಧವಾಯಿತು. ಕಳಿಸಲಿಲ್ಲ.

ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಬಳಗದಲ್ಲೇ ಒಮ್ಮೆ ಈ ವಿಷಯ ಬಂದಾಗ, ಕಳಿಸಬೇಕಿತ್ತು, ಆಗಲೇ ಕಳಿಸಿದ್ದರೆ ನಮ್ಮ ಕಥೆ ಬೇರೆಯಾಗುತ್ತಿತ್ತು ಎಂದು ಒಬ್ಬರು ಹಿರಿಯರು ಬೇಸರಪಟ್ಟರು. ಆ ಬೇಸರ ನನಗೂ ಇದೆ. ಆದರೆ ಕಳಿಸದಿರಲು ಕಾರಣವೇನೆಂದು ಬಾಬಾಸಾಹೇಬರೇ 1951ರಲ್ಲಿ ತಿಳಿಸಿದ್ದಾರೆ. ಸಂವಿಧಾನ ರಚನಾ ಸಭೆಗೂ ಮುಂದೆ ಬರುವ ಸಂಸತ್ತಿಗೂ ಇದನ್ನು ಸರಿಪಡಿಸುವ ಒಂದು ಅವಕಾಶ ಕೊಟ್ಟು ನೋಡುವುದು ಮೇಲು ಎಂದು ಅವರಿಗೆ ಅನ್ನಿಸಿತು.

ಇದನ್ನು ಓದುವಾಗ ನನಗೆ ಸಮ್ಮಾ ವಾಚಾ ನೆನಪಾಯಿತು. ಭಗವಾನರು ಮಾತಿಗೆ ಇಟ್ಟ ಅಳತೆ ನಮಗೆ ಗೊತ್ತಿದೆ. ಮಾತು ಸತ್ಯವಾಗಿರಬೇಕು, ಹಿತವಾಗಿರಬೇಕು, ಅಷ್ಟೇ ಸಾಲದು, ಅದಕ್ಕೆ ಕಾಲ ಕೂಡಿಬಂದಿರಬೇಕು. ಕಹಿಯಾದ ಸತ್ಯವನ್ನೂ ಆಡಬೇಕು, ಆದರೆ ಹೊತ್ತು ನೋಡಿ ಆಡಬೇಕು. ನಾವು ಸಮ್ಮಾ ವಾಚಾ ಎಂದರೆ ಸುಳ್ಳು ಹೇಳದಿರುವುದು, ಚಾಡಿ ಹೇಳದಿರುವುದು ಎಂದು ಅಲ್ಲಿಗೇ ನಿಲ್ಲಿಸುತ್ತೇವೆ. ಒಂದು ಸಮುದಾಯದ ಸತ್ಯವನ್ನು ಯಾವ ಸಭೆಯಲ್ಲಿ, ಯಾವ ಹೊತ್ತಿನಲ್ಲಿ ಇಡಬೇಕು ಎಂಬ ವಿವೇಕವೂ ಅದರೊಳಗೇ ಇದೆ. ಬಾಬಾಸಾಹೇಬರು ಆಗಿನ್ನೂ ದೀಕ್ಷೆ ತೆಗೆದುಕೊಂಡಿರಲಿಲ್ಲ. ಆದರೆ ಆ ವರದಿಯನ್ನು ಮೇಜಿನ ಖಾನೆಯಲ್ಲಿ ತಡೆದು ಇಟ್ಟದ್ದರಲ್ಲಿ ಆ ವಿವೇಕ ನನಗೆ ಕಾಣುತ್ತದೆ. ಅದು ಹೆದರಿಕೆಯಾಗಿದ್ದರೆ ಮುಂದಿನ ಮೂರು ವರ್ಷದ ಕೆಲಸ ನಡೆಯುತ್ತಿರಲಿಲ್ಲ.

ಆ ಕೆಲಸ ಏನೆಂದು ನೋಡಿ. 1947ರಲ್ಲಿ ಒಕ್ಕೂಟದ ಪರವಾಗಿ ರಾಜ್ಯಗಳು ಮತ್ತು ಅಲ್ಪಸಂಖ್ಯಾತರ ಬಗೆಗಿನ ದೀರ್ಘ ಮನವಿಯನ್ನು ಸಂವಿಧಾನ ರಚನಾ ಸಭೆಗೇ ಬರೆದರು. ಜೋಗೇಂದ್ರನಾಥ ಮಂಡಲರ ನೆರವಿನಿಂದ ಬಂಗಾಳದಿಂದ ಗೆದ್ದಿದ್ದ ಸ್ಥಾನ ದೇಶವಿಭಜನೆಯಲ್ಲಿ ಹೋಯಿತು, ಮತ್ತೆ ಬೊಂಬಾಯಿಯಿಂದ ಆಯ್ಕೆಯಾದರು. ಆಗಸ್ಟ್ ಕೊನೆಯಲ್ಲಿ ಕರಡು ಸಮಿತಿಯ ಅಧ್ಯಕ್ಷರಾದರು. 1948ರ ನವೆಂಬರ್ 29ರಂದು, ಅಸ್ಪೃಶ್ಯತೆ ರದ್ದಾಗಿದೆ, ಅದರ ಆಚರಣೆ ಅಪರಾಧ ಎಂಬ ವಿಧಿಯನ್ನು ಸಭೆ ಒಪ್ಪಿತು. ಇವತ್ತು ಅದು 17ನೇ ವಿಧಿ. ಹೊರಗಿನ ಸಭೆ ಛೀಮಾರಿ ಹಾಕಬಲ್ಲದು, ನಿರ್ಣಯ ಮಾಡಬಲ್ಲದು. ನಂಜನಗೂಡಿನ ಯಾವುದೋ ಹಳ್ಳಿಯ ಹೋಟೆಲಿನ ಸೂರಿನಿಂದ ಲೋಟ ಇಳಿಸುವ ಕಾನೂನು ಈ ನೆಲದಲ್ಲೇ ಹುಟ್ಟಬೇಕಿತ್ತು. ಅದನ್ನು ಹುಟ್ಟಿಸುವ ಅವಕಾಶ ಕೈಗೆ ಬಂದಾಗ ಅವರು ವರದಿಯನ್ನು ಬದಿಗಿಟ್ಟು ಲೇಖನಿ ಹಿಡಿದರು.

ಆದರೆ ಕೊಟ್ಟ ಅವಕಾಶ ಏನಾಯಿತು? ನಾಲ್ಕು ವರ್ಷ ಕಾದರು. 1951ರ ಸೆಪ್ಟೆಂಬರ್‌ನಲ್ಲಿ ಕಾನೂನು ಮಂತ್ರಿಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅಕ್ಟೋಬರ್ 10ರಂದು ಕಾರಣಗಳನ್ನು ಹೇಳಿಕೆಯಾಗಿ ಹೊರಗಿಟ್ಟರು. ಹಿಂದೂ ಸಂಹಿತೆ ಮಸೂದೆಯನ್ನು ಕೈಬಿಟ್ಟದ್ದು ಅದರಲ್ಲಿ ಇದೆ ಎಂದು ಎಲ್ಲರಿಗೂ ಗೊತ್ತು. ಪರಿಶಿಷ್ಟ ಜಾತಿಗಳ ಮಾತೂ ಅದರಲ್ಲಿದೆ. ಹಳೆಯ ದಬ್ಬಾಳಿಕೆ, ಹಳೆಯ ತಾರತಮ್ಯ ಹಾಗೇ ಇದೆ, ಕೆಲವೆಡೆ ಇನ್ನೂ ಕೆಟ್ಟಿದೆ ಎಂದರು. ದೆಹಲಿಯ ಸುತ್ತಲ ಹಳ್ಳಿಗಳಿಂದ ಜನ ತಮ್ಮ ಬಳಿ ಬಂದು ಹೇಳಿಕೊಳ್ಳುವ ಕಷ್ಟಗಳನ್ನು, ಪೊಲೀಸರು ದೂರು ಬರೆದುಕೊಳ್ಳದೆ ಕಳಿಸುವುದನ್ನು ಹೇಳಿದರು. ಜಗತ್ತಿನಲ್ಲಿ ಇದಕ್ಕೆ ಸಾಟಿಯಾದ ಸ್ಥಿತಿ ತನಗೆ ಕಾಣಿಸುತ್ತಿಲ್ಲ ಎಂದರು. ವಿಶ್ವಸಂಸ್ಥೆಗೆಂದು ವರದಿ ಸಿದ್ಧಮಾಡಿ ತಡೆದಿಟ್ಟಿದ್ದ ಸಂಗತಿಯನ್ನು ಜನರ ಮುಂದೆ ಇಟ್ಟದ್ದೂ ಅದೇ ಹೇಳಿಕೆಯಲ್ಲಿ. ತಡೆದ ಮಾತಿಗೆ ಕಾಲ ಕೂಡಿಬಂದಿತ್ತು. ಅಧಿಕಾರದ ಕುರ್ಚಿ ಬಿಟ್ಟ ಮೇಲೆ, ಬೆಲೆ ತೆತ್ತ ಮೇಲೆ, ಆಡಿದರು.

ಮುಂದಿನ ಚುನಾವಣೆಯಲ್ಲಿ ಸೋತರು. 1952ರಲ್ಲಿ ರಾಜ್ಯಸಭೆಗೆ ಬಂದರು. ಅದೇ ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯ ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು. 1954ರಲ್ಲಿ, ಪರಿಶಿಷ್ಟ ಜಾತಿ ಮತ್ತು ಬುಡಕಟ್ಟುಗಳ ಕಮಿಷನರ್ ವರದಿ ರಾಜ್ಯಸಭೆಯ ಚರ್ಚೆಗೆ ಬಂದಾಗ ಅವರು ಎದ್ದು ನಿಂತು ಎಂಟು ವರ್ಷದ ಹಿಂದಿನ ಆ ಎರಡು ಎಳೆಗಳನ್ನು ಒಂದೇ ಗಂಟಾಗಿ ಕಟ್ಟಿದರು. ಹೊರಗಿನ ಪ್ರತ್ಯೇಕತೆಯ ವಿರುದ್ಧ ಇಷ್ಟು ಮಾತಾಡುವ ನಮ್ಮ ಒಂದೊಂದು ಹಳ್ಳಿಯಲ್ಲೂ ಒಂದೊಂದು ದಕ್ಷಿಣ ಆಫ್ರಿಕಾ ಇಲ್ಲವೇ, ಹೋಗಿ ನೋಡಿದರೆ ಸಾಕಲ್ಲವೇ ಎಂಬುದು ಅವರ ಪ್ರಶ್ನೆಯ ಸಾರ. ನಮ್ಮವರಲ್ಲದವರು ನಮ್ಮ ಪರ ಎದ್ದು ಹೋರಾಡಿದ್ದು ಬಹಳ ಅಪರೂಪ, ಏಕೆಂದರೆ ಸಹಾನುಭೂತಿ ಇಲ್ಲ ಎಂದೂ ಹೇಳಿದರು. ವರದಿ ನ್ಯೂಯಾರ್ಕಿಗೆ ಹೋಗಲಿಲ್ಲ. ಅದರ ತಿರುಳು ದೆಹಲಿಯ ಸದನದ ಕಡತ ಸೇರಿತು. ಯಾರೂ ಅಳಿಸಲಾಗದ ಕಡತ.

ಇಷ್ಟರಲ್ಲಿ ಅವರಿಗೆ ಜಗತ್ತಿನ ಕಡೆಗೆ ಇನ್ನೊಂದು ಬಾಗಿಲು ತೆರೆದಿತ್ತು. 1950ರಲ್ಲಿ ಕೊಲಂಬೋದ ವಿಶ್ವ ಬೌದ್ಧ ಸಮ್ಮೇಳನಕ್ಕೆ, 1954ರ ಕೊನೆಯಲ್ಲಿ ರಂಗೂನಿಗೆ ಹೋದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಧಮ್ಮ ಸ್ವೀಕರಿಸಿದರು. ನವೆಂಬರ್‌ನಲ್ಲಿ ಕಾಯಿಲೆಯ ಮೈಯಲ್ಲೇ ಕಠ್ಮಂಡುವಿನ ವಿಶ್ವ ಬೌದ್ಧ ಸಮ್ಮೇಳನಕ್ಕೆ ಹೋಗಿ ಮಾತಾಡಿದರು. ಡಿಸೆಂಬರ್ 6ರಂದು ಪರಿನಿಬ್ಬಾಣ ಹೊಂದಿದರು. ಈ ಎರಡು ಬಾಗಿಲುಗಳ ವ್ಯತ್ಯಾಸ ನೋಡಿ. ವಿಶ್ವಸಂಸ್ಥೆಯ ಮುಂದೆ ನಿಂತಿದ್ದರೆ ನಾವು ಅರ್ಜಿದಾರರು. ಧಮ್ಮದ ಬಾಗಿಲಲ್ಲಿ ಸಿಂಹಳ, ಬರ್ಮಾ, ಜಪಾನ್, ಟಿಬೆಟ್ಟಿನವರ ಪಕ್ಕದಲ್ಲಿ ನಾವು ಸಮಾನರು. ಅರ್ಜಿಯ ದಾರಿ ತಪ್ಪೆಂದು ಅವರು ಎಂದೂ ಹೇಳಲಿಲ್ಲ. ಅದೊಂದೇ ದಾರಿ ಎಂದೂ ನಂಬಲಿಲ್ಲ.

ವರದಿಯ ಕಥೆ ಅವರ ನಂತರವೂ ನಡೆಯಿತು. 1965ರಲ್ಲಿ ವಿಶ್ವಸಂಸ್ಥೆ ಜನಾಂಗ ಭೇದದ ನಿರ್ಮೂಲನೆಗೆ ಒಡಂಬಡಿಕೆ ಮಾಡಿತು. ಜನಾಂಗ, ಬಣ್ಣದ ಜೊತೆಗೆ ವಂಶಮೂಲದ ಆಧಾರದ ಭೇದವನ್ನೂ ಅದರಲ್ಲಿ ಸೇರಿಸಬೇಕೆಂದು ಸೂಚಿಸಿದ್ದು ಭಾರತವೇ. 2001ರಲ್ಲಿ ಅದೇ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಜನಾಂಗ ಭೇದದ ವಿರುದ್ಧ ವಿಶ್ವ ಸಮ್ಮೇಳನ ನಡೆಯಿತು. ನಮ್ಮ ಸಂಘಟನೆಗಳ ಕಾರ್ಯಕರ್ತರು ಹೋಗಿ ಜಾತಿಯನ್ನೂ ಅಲ್ಲಿ ಎತ್ತಬೇಕೆಂದು ಕೇಳಿದರು. ಜಾತಿ ಎಂದರೆ ಜನಾಂಗವಲ್ಲ, ಇದು ನಮ್ಮ ದೇಶದೊಳಗಿನ ವಿಷಯ ಎಂದು ಭಾರತ ಸರ್ಕಾರ ವಿರೋಧಿಸಿತು. 1946ರಲ್ಲಿ ಸ್ಮಟ್ಸ್ ಆಡಿದ ಮಾತು 55 ವರ್ಷದ ನಂತರ ಯಾರ ಬಾಯಲ್ಲಿ ಬಂತು ನೋಡಿ. ಮರುವರ್ಷ, 2002ರಲ್ಲಿ, ಒಡಂಬಡಿಕೆಯ ಮೇಲ್ವಿಚಾರಣೆ ನೋಡುವ ವಿಶ್ವಸಂಸ್ಥೆಯ ಸಮಿತಿ ವಂಶಮೂಲ ಎಂಬುದರಲ್ಲಿ ಜಾತಿಯೂ ಸೇರುತ್ತದೆ ಎಂದು ಸ್ಪಷ್ಟಪಡಿಸಿತು. ಡು ಬಾಯ್ಸ್ ಅವರಿಗೆ ಬರೆದ ಪತ್ರ ಅಂಚೆಗೆ ಬಿದ್ದು ಆಗ 56 ವರ್ಷ.

ಸೋಮವಾರ ಆ ಹುಡುಗಿಗೆ ಇಷ್ಟೆಲ್ಲ ಹೇಳಲಿಲ್ಲ. ಹೌದು ಮಗಳೇ, ತಗೊಂಡು ಹೋಗಲು ಒಬ್ಬರು ಸಿದ್ಧಮಾಡಿಕೊಂಡಿದ್ದರು, ನಮ್ಮ ದೇಶಕ್ಕೆ ಮೊದಲು ಒಂದು ಅವಕಾಶ ಕೊಡೋಣ ಎಂದು ತಡೆದರು, ಕೊಟ್ಟ ಅವಕಾಶ ಪೂರ್ತಿಯಾಗಿ ಬಳಕೆಯಾಗಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಆ ಅವಕಾಶ ಈಗಲೂ ನಡೀತಿದೆಯಾ ಸಾರ್, ಮುಗಿದು ಹೋಯ್ತಾ ಎಂದು ಕೇಳಿದಳು. ಎರಡನೇ ಸಲವೂ ನನ್ನ ಬಳಿ ತಟ್ಟನೆ ಉತ್ತರ ಇರಲಿಲ್ಲ. ನಡೀತಿದೆ, ಅದು ಮುಗಿಯದ ಹಾಗೆ ನೋಡಿಕೊಳ್ಳುವುದು ನಿನ್ನ, ನನ್ನ ಕೆಲಸ ಎಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ನನಗೂ ಆಗಿಲ್ಲ. ಕೆಲವು ಪ್ರಶ್ನೆ ಹಾಗೇ ಉಳಿಯುವುದು ಒಳ್ಳೆಯದು.

ಇಂದಿನ ಅಭ್ಯಾಸಕ್ಕೆ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಈಗಲೂ ಲೋಟ, ನೀರು, ಕಟಿಂಗ್ ಅಂಗಡಿ, ಗುಡಿಯ ಮೆಟ್ಟಿಲು, ಸುಡುಗಾಡಿನ ದಾರಿ ಎಂದು ಏನಾದರೊಂದು ಕಿವಿಗೆ ಬೀಳುತ್ತದೆ. ನಾವು ಕೋಪಗೊಳ್ಳುತ್ತೇವೆ, ಸ್ಟೇಟಸ್ ಹಾಕುತ್ತೇವೆ, ಮರುದಿನ ಮರೆಯುತ್ತೇವೆ. ಬಾಬಾಸಾಹೇಬರು ಹಾಗೆ ಮಾಡಲಿಲ್ಲ. ಮೊದಲು ಬರೆದಿಟ್ಟರು. ಎಲ್ಲಿ, ಯಾವತ್ತು, ಯಾರಿಗೆ, ಏನಾಯಿತು, ನೋಡಿದವರು ಯಾರು. ಕೂಡಿಸದೆ, ಕಳೆಯದೆ. ನಾವೂ ಮನೆಯಲ್ಲಿ ಒಂದು ನೋಟ್‌ಬುಕ್ ಇಡೋಣ. ಬರೆಯಲು ಬಾರದ ಅಜ್ಜಿ, ತಾತನ ಪರವಾಗಿ ಮಕ್ಕಳು ಬರೆಯಲಿ. 17ನೇ ವಿಧಿ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಬರೆದದ್ದು ಕೈಯಲ್ಲಿದ್ದರೆ ಯಾವ ಸಭೆಗೆ, ಯಾವ ಹೊತ್ತಿಗೆ ಒಯ್ಯಬೇಕೆಂದು ಕೂತು ಯೋಚಿಸಬಹುದು. ಬರೆಯದೆ ಇದ್ದರೆ ತಡೆದಿಡಲೂ ಏನೂ ಇರುವುದಿಲ್ಲ, ಕಳಿಸಲೂ ಏನೂ ಇರುವುದಿಲ್ಲ.

ಭಾನುವಾರ ಎಂದಿನಂತೆ ಸೇರೋಣ. ತಿ. ನರಸೀಪುರದ ಕಡೆಯವರು ಈ ಸಲ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಪ್ರಶ್ನೆ ಕೇಳುವವರು ಅವರೇ.

ಸರ್ವರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.